ರಸೀದಿ ಕೊಟ್ಟ ಮೇಲೆ ಹಣ ಪೆಟ್ಟಿಗೆಯಲ್ಲಿರಬೇಕು
(ಫೈಲ್ ಸರ್ವರಿನ ಪರೀಕ್ಷೆ ಕುರಿತು ಒಂದು ಪಾಠ)

ಎಣ್ಣೂರಿನ ಗಿರಣಿ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಹಾಜರಿ ಪಟ್ಟಿ, ಓವರ್‌ಟೈಮ್ ಲೆಕ್ಕ, ಬಟವಾಡೆಯ ತಖ್ತೆ ಇವೆಲ್ಲ ಈಗ ಅನೇಕ ಕಡೆ ಗುಮಾಸ್ತನ ಮೇಜಿನ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಬೇರೊಂದು ಕೋಣೆಯ ಫೈಲ್ ಸರ್ವರಿನಲ್ಲಿ ಇರುತ್ತವೆ. ನಾವು 'ಸೇವ್' ಒತ್ತುತ್ತೇವೆ, ಸರ್ವರು 'ಆಯಿತು' ಎನ್ನುತ್ತದೆ, ನಾವು ನಿಶ್ಚಿಂತೆಯಿಂದ ಮನೆಗೆ ಹೊರಡುತ್ತೇವೆ. ಈ 'ಆಯಿತು' ಎಂಬ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು? ಅದನ್ನು ಪರೀಕ್ಷಿಸುವುದು ಹೇಗೆ? ಇದನ್ನು ಈ ಸಲ ತಿಳಿಯೋಣ.

ಕಂಪ್ಯೂಟರಿಗೂ ಸರ್ವರಿಗೂ ನಡೆಯುವ ಮಾತುಕತೆಗೆ ಬರೆದಿಟ್ಟ ಕಟ್ಟಳೆಯುಂಟು. ಇದಕ್ಕೆ ಪ್ರೋಟೋಕಾಲ್ ಎಂದು ಹೆಸರು. ಇಂಥವುಗಳಲ್ಲಿ ಒಂದು ಎನ್‌ಎಫ್‌ಎಸ್. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1980ರ ದಶಕದಲ್ಲಿ ಇದನ್ನು ರೂಪಿಸಿತು. ಇದರ ಎರಡನೆಯ ಆವೃತ್ತಿಯ ಕಟ್ಟಳೆ 1989ರಲ್ಲಿಯೂ ಮೂರನೆಯದು 1995ರಲ್ಲಿಯೂ ಎಲ್ಲರೂ ಓದುವಂತೆ ಪ್ರಕಟವಾದುವು. ಆದರೆ ಒಂದೇ ವಾಕ್ಯವನ್ನು ಇಬ್ಬರು ತಯಾರಕರು ಎರಡು ರೀತಿ ಅರ್ಥಮಾಡಿಕೊಂಡರೆ ಒಬ್ಬರ ಕಂಪ್ಯೂಟರಿಗೂ ಇನ್ನೊಬ್ಬರ ಸರ್ವರಿಗೂ ಹೊಂದಿಕೆಯಾಗದು. ಆದುದರಿಂದ ಸನ್ ಕಂಪನಿಯೇ 'ಕನೆಕ್ಟಥಾನ್' ಎಂಬ ಕೂಟವನ್ನು ಆರಂಭಿಸಿತು. ಪೈಪೋಟಿಯ ಕಂಪನಿಗಳವರು ತಮ್ಮ ತಮ್ಮ ಯಂತ್ರಗಳನ್ನು ತಂದು, ಒಂದಕ್ಕೊಂದು ಜೋಡಿಸಿ, ತಪ್ಪು ಹುಡುಕಿ ತಿದ್ದಿಕೊಳ್ಳುತ್ತಿದ್ದರು.

ಪರೀಕ್ಷೆಯ ಕ್ರಮ ಸರಳ. ಕಟ್ಟಳೆಯ ಒಂದೊಂದು ವಾಕ್ಯವನ್ನೂ ಒಂದೊಂದು ಪ್ರಶ್ನೆಯಾಗಿ ಮಾರ್ಪಡಿಸುವುದು. ನಾಲ್ಕನೆಯ ಆವೃತ್ತಿಗೆ 'ಪೈ ಎನ್‌ಎಫ್‌ಎಸ್' ಎಂಬ ಪರೀಕ್ಷಾ ಪ್ರೋಗ್ರಾಮಿದೆ. ಅದು ಸಾಮಾನ್ಯ ಕಂಪ್ಯೂಟರಿನಂತೆಯೇ ಸರ್ವರಿಗೆ ಕೋರಿಕೆ ಕಳಿಸಿ ಉತ್ತರವನ್ನು ತಾಳೆ ನೋಡುತ್ತದೆ. ಬೇಕೆಂದೇ ತಪ್ಪು ಕೋರಿಕೆಗಳನ್ನೂ ಕಳಿಸುತ್ತದೆ. ಉದಾಹರಣೆಗೆ, ಒಂದೇ ಫೈಲಿನ ಒಂದೇ ಭಾಗಕ್ಕೆ ಇಬ್ಬರು ಬೀಗ ಕೇಳಿದರೆ ಮೊದಲನೆಯವನಿಗೆ ಕೊಟ್ಟು ಎರಡನೆಯವನಿಗೆ ಇಲ್ಲವೆನ್ನಬೇಕು. ಇಬ್ಬರಿಗೂ ಹೂಂಗುಟ್ಟಿದರೆ ಒಬ್ಬ ಬರೆದುದನ್ನು ಇನ್ನೊಬ್ಬ ಅಳಿಸಿಯಾನು. ತಕ್ಕ ಕಡೆ 'ಇಲ್ಲ' ಎನ್ನಲಾರದ ಸರ್ವರು ಪರೀಕ್ಷೆಯಲ್ಲಿ ತೇರ್ಗಡೆಯಾಗದು.

ಇನ್ನು 'ಆಯಿತು' ಎಂಬ ಮಾತಿಗೆ ಬರೋಣ. ಹಣ ಪೆಟ್ಟಿಗೆಗೆ ಬೀಳುವ ಮೊದಲೇ ಕ್ಯಾಷಿಯರು ರಸೀದಿ ಹರಿದುಕೊಡಬಾರದಷ್ಟೆ? ಎರಡನೆಯ ಆವೃತ್ತಿಯ ಕಟ್ಟಳೆಯೂ ಅದನ್ನೇ ವಿಧಿಸಿತ್ತು: ಬರಹವು ಡಿಸ್ಕಿನಂಥ ಶಾಶ್ವತ ಸ್ಥಳ ಸೇರಿದ ಮೇಲೆಯೇ ಉತ್ತರ ಕೊಡತಕ್ಕದ್ದು. ಇದರಿಂದ ಕೆಲಸ ನಿಧಾನವಾಯಿತು. ಮೂರನೆಯ ಆವೃತ್ತಿ ಒಂದು ಪ್ರಾಮಾಣಿಕ ಉಪಾಯ ತಂದಿತು. ಸರ್ವರು 'ಬಂದು ಸೇರಿದೆ, ಇನ್ನೂ ಡಿಸ್ಕಿಗೆ ಏರಿಸಿಲ್ಲ' ಎಂದು ಹೇಳಬಹುದು. ಕಂಪ್ಯೂಟರು ತನ್ನ ಪ್ರತಿಯನ್ನು ಕೈಬಿಡದೆ ಇಟ್ಟುಕೊಂಡು, ಬಳಿಕ 'ಈಗ ಏರಿಸು' ಎಂದು ಕೇಳುತ್ತದೆ. ಉತ್ತರದ ಜೊತೆ ಒಂದು ಗುರುತಿನ ಸಂಖ್ಯೆಯೂ ಬರುತ್ತದೆ. ಸರ್ವರು ನಡುವೆ ನಿಂತು ಮತ್ತೆ ಹೊರಟರೆ ಸಂಖ್ಯೆ ಬದಲಾಗುತ್ತದೆ. ಅದನ್ನು ಕಂಡು ಕಂಪ್ಯೂಟರು ಬರಹವನ್ನು ಮರಳಿ ಕಳಿಸುತ್ತದೆ.

ಆದರೆ ಲಿನಕ್ಸ್ ಸರ್ವರಿನಲ್ಲಿ 'ಅಸಿಂಕ್' ಎಂಬ ಒಂದು ಏರ್ಪಾಡಿದೆ. ಇದನ್ನು ಹಾಕಿದರೆ ಡಿಸ್ಕಿಗೆ ಏರಿಸುವ ಮೊದಲೇ ಸರ್ವರು 'ಆಯಿತು' ಎಂದುಬಿಡುತ್ತದೆ. ಇದು ಕಟ್ಟಳೆಯ ಉಲ್ಲಂಘನೆಯೆಂದು ಲಿನಕ್ಸಿನ ಕೈಪಿಡಿಯೇ ಒಪ್ಪುತ್ತದೆ. ಮೊದಲು ಇದೇ ತಾನಾಗಿ ಜಾರಿಯಲ್ಲಿತ್ತು. ಅನಂತರ ಅದನ್ನು ಬದಲಿಸಿ, ಏರಿಸಿದ ಮೇಲೆ ಉತ್ತರಿಸುವ 'ಸಿಂಕ್' ಅನ್ನು ನಿಯಮವಾಗಿಟ್ಟರು. ಆದರೂ ವೇಗದ ಆಸೆಗೆ ಅಸಿಂಕ್ ಹಾಕುವವರು ಇದ್ದಾರೆ.

ಇಲ್ಲಿ ಪರೀಕ್ಷಕರಿಗೊಂದು ತೊಡಕಿದೆ. ಹೊರಗಿನಿಂದ ಕೇಳಿದರೆ ಸತ್ಯವಂತ ಸರ್ವರೂ 'ಆಯಿತು' ಎನ್ನುತ್ತದೆ, ಸುಳ್ಳು ಹೇಳುವುದೂ ಹಾಗೆಯೇ ಎನ್ನುತ್ತದೆ. ಕರೆಂಟು ಹೋದಾಗಲೇ ವ್ಯತ್ಯಾಸ ಬಯಲಾಗುವುದು. ಆದುದರಿಂದ ಪ್ರಯೋಗಕ್ಕೆಂದು ಬೇರೆಯಿಟ್ಟ ಸರ್ವರಿಗೆ 1, 2, 3 ಎಂದು ಸಾಲುಗಳನ್ನು ಬರೆಯುತ್ತಾ ಹೋಗಿ, 'ಡಿಸ್ಕಿಗೆ ಏರಿತು' ಎಂದು ಅದು ಒಪ್ಪಿದ ಕೊನೆಯ ಸಂಖ್ಯೆಯನ್ನು ಗುರುತುಹಾಕಿಕೊಂಡು, ಥಟ್ಟನೆ ವಿದ್ಯುತ್ತನ್ನು ಕಡಿಯಬೇಕು. ಮತ್ತೆ ಹಚ್ಚಿದಾಗ 500ರವರೆಗೆ ಒಪ್ಪಿದ್ದು 480ಕ್ಕೇ ನಿಂತಿದ್ದರೆ, 20 ರಸೀದಿಗಳು ಸುಳ್ಳು. ಕೆಲಸ ನಡೆಯುತ್ತಿರುವ ಸರ್ವರಿನ ಮೇಲೆ ಇದನ್ನು ಖಂಡಿತ ಮಾಡಕೂಡದು.

ಇದೆಲ್ಲ ನಮಗೇಕೆ ಎನ್ನಬೇಡಿ. 2016ರ ಡಿಸೆಂಬರ್ 12ರಂದು ವರ್ಧಾ ಚಂಡಮಾರುತ ಚೆನ್ನೈಗೆ ಅಪ್ಪಳಿಸಿದಾಗ ಕರೆಂಟು ಹೋದುದನ್ನು ಈ ಕರಾವಳಿಯವರು ಮರೆತಿಲ್ಲ. ಅಂಥ ಗಳಿಗೆಯಲ್ಲಿ ರಾತ್ರಿ ಪಾಳಿ ದುಡಿದವನ ಓವರ್‌ಟೈಮ್ ಗಂಟೆಗಳು ಅಳಿದುಹೋದರೆ ಅವನ ಕೈಯಲ್ಲಿ ಸಾಕ್ಷಿಯೇನು? ಬ್ಯಾಟರಿ ಇದ್ದರೂ ಸರ್ವರು ತಾನೇ ಕೆಟ್ಟು ನಿಂತರೆ ಅದು ಕಾಯದು.

ಗುಮಾಸ್ತ ಬಂಧುಗಳು ತಮ್ಮ ಕಛೇರಿಯ ಕಂಪ್ಯೂಟರ್ ವಿಭಾಗದವರನ್ನು ವಿನಯದಿಂದ ಎರಡು ಮಾತು ಕೇಳಬಹುದು: ನಮ್ಮ ಸರ್ವರು ಸಿಂಕೋ ಅಸಿಂಕೋ? ವಿದ್ಯುತ್ ಕಡಿದು ಪರೀಕ್ಷಿಸಿದ್ದುಂಟೆ? ಉತ್ತರ ಬರುವವರೆಗೆ ಬಟವಾಡೆಯ ತಖ್ತೆಯ ಒಂದು ಪ್ರತಿಯನ್ನು ಕಾಗದದ ಮೇಲೆ ಇಟ್ಟುಕೊಳ್ಳುವುದು ಲೇಸು. ದುಡಿಯುವ ಸೋದರರೂ ತಮ್ಮ ಗಂಟೆಗಳನ್ನು ಒಂದು ಚಿಕ್ಕ ಪುಸ್ತಕದಲ್ಲಿ ದಿನವೂ ಬರೆದಿಡಲಿ.