ಪಿಕಪ್ಪಿನಲ್ಲಿ ಟಿಲ್ಲರ್ ಸಾಗಣೆ: ಹಲಗೆಯಿಂದ ಹಗ್ಗದವರೆಗೆ

ಅಂಕೋಲಾ ತಾಲೂಕಿನ ಅವರ್ಸಾ ಕಡೆ ನಮ್ಮ ಗದ್ದೆ. ಭಾವನ ಗದ್ದೆ ಕಾಳಿ ಹೊಳೆಯಾಚೆ, ಸದಾಶಿವಗಡದ ಹತ್ತಿರ. ಎರಡೂ ಕಡೆಗೆ ಇರುವುದು ಒಂದೇ ಪವರ್ ಟಿಲ್ಲರ್. ಮಳೆ ಹಿಡಿದ ಮೇಲೆ ನಮ್ಮದು ಮುಗಿಸಿ ಅಲ್ಲಿಗೆ ಒಯ್ಯಬೇಕು. ರಸ್ತೆಯ ಮೇಲೆ ಓಡಿಸಿಕೊಂಡು ಹೋದರೆ ಒಂದು ದಿನ ಹಾಳು, ಟಯರೂ ಹಾಳು. ಹಾಗಾಗಿ ಪಿಕಪ್.

ಕೆಲವು ವರ್ಷಗಳ ಹಿಂದಿನ ಜೂನ್ ತಿಂಗಳು. ಬಾಡಿಗೆ ಪಿಕಪ್ ಬಂತು. “ಅಣ್ಣಾ, ಹತ್ತು ನಿಮಿಷದ ಕೆಲಸ, ಎರಡು ಹಲಗೆ ತನ್ನಿ” ಎಂದ ಡ್ರೈವರ್. ಕೊಟ್ಟಿಗೆಯ ಅಟ್ಟದಲ್ಲಿದ್ದ ಹಲಗೆ ತಂದು ತೊಟ್ಟಿಯ ಅಂಚಿಗೆ ಒರಗಿಸಿದೆವು. ಟಿಲ್ಲರಿನ ಚಕ್ರ ಇನ್ನೇನು ತೊಟ್ಟಿ ಮುಟ್ಟಬೇಕು, ಆಗ ಪಿಕಪ್ ಒದ್ದೆ ಹುಲ್ಲಿನ ಮೇಲೆ ಒಂದು ಗೇಣು ಮುಂದೆ ಜಾರಿತು. ಒಂದು ಹಲಗೆ ಕಳಚಿತು. ಪಕ್ಕದಲ್ಲಿ ಕೈ ಕೊಟ್ಟಿದ್ದ ತಮ್ಮನ ಮಗ “ದೊಡ್ಡಪ್ಪಾ!” ಅಂದಿದ್ದಷ್ಟೇ ಗೊತ್ತು. ಟಿಲ್ಲರ್ ಅಡ್ಡ ಬಿದ್ದು ಅವನ ಪಾದದ ಎರಡು ಮೂಳೆ ಮುರಿಯಿತು. ಮೂರು ತಿಂಗಳು ಕೋಲು ಹಿಡಿದು ನಡೆದ. ಆ ವರ್ಷ ಭಾವನ ನಾಟಿಯೂ ತಡವಾಯಿತು.

ತಪ್ಪು ಡ್ರೈವರನದಲ್ಲ, ಹುಡುಗನದೂ ಅಲ್ಲ. ನಮಗೆ ಯಾರಿಗೂ ವಿಧಾನ ಗೊತ್ತಿರಲಿಲ್ಲ. ಆಮೇಲೆ ಕೇಳಿ, ನೋಡಿ, ಮಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಹಾಗೆ ಟಿಲ್ಲರನ್ನು ಊರಿಂದೂರಿಗೆ ಒಯ್ಯುವವರು ಬಹಳ ಜನ ಇದ್ದಾರೆ.

ಮೊದಲು ಅಳತೆ

ಹದಿಮೂರು ಅಶ್ವಶಕ್ತಿಯ ಡೀಸೆಲ್ ಟಿಲ್ಲರ್ ರೋಟರಿ ಸಮೇತ ಸುಮಾರು ನಾನೂರು ಕಿಲೋ. ಹಿಡಿಕೆ ಸೇರಿ ಉದ್ದ ಎಂಟೂವರೆಯಿಂದ ಒಂಬತ್ತು ಅಡಿ. ಸಣ್ಣ ನಾಲ್ಕು ಚಕ್ರದ ಗಾಡಿ ಭಾರವನ್ನೇನೋ ಹೊರುತ್ತದೆ, ಆದರೆ ಅದರ ತೊಟ್ಟಿ ಏಳಡಿ ಚಿಲ್ಲರೆ. ಹಿಂಬಾಗಿಲು ಹಾಕಲಿಕ್ಕಾಗದೆ ರೋಟರಿ ಹೊರಗೆ ನೇತಾಡುತ್ತದೆ. ಬಾಡಿಗೆ ಇನ್ನೂರು ಉಳಿಯಿತು ಅಂತ ಅದನ್ನು ಕರೆಯಬೇಡಿ. ಗಾಡಿ ಹೇಳುವ ಮೊದಲೇ ತೊಟ್ಟಿಯ ಉದ್ದ ಕೇಳಿ.

ಕೇಜ್ ವೀಲ್ ಕಳಚಿ ರಬ್ಬರ್ ಚಕ್ರ ಹಾಕಿಕೊಳ್ಳಿ. ಕಬ್ಬಿಣದ ಚಕ್ರ ಹಲಗೆಯ ಮೇಲೂ ಜಾರುತ್ತದೆ, ತೊಟ್ಟಿಯ ತಗಡಿನ ಮೇಲೂ ಜಾರುತ್ತದೆ. ಗದ್ದೆಯ ಕೆಸರನ್ನು ಚಕ್ರದಿಂದ ತೊಳೆದೇ ಹತ್ತಿಸಿ.

ದರೆ ಇದ್ದರೆ ಹಲಗೆ ಯಾಕೆ?

ನಮ್ಮ ಕಡೆ ನೆಲ ಸಮತಟ್ಟಿಲ್ಲ ಎಂಬ ದೂರು ಇದೆಯಲ್ಲ, ಈ ಕೆಲಸಕ್ಕೆ ಅದೇ ಉಪಕಾರ. ಪಿಕಪ್ಪಿನ ತೊಟ್ಟಿ ನೆಲದಿಂದ ಸುಮಾರು ಎರಡೂವರೆ ಅಡಿ ಎತ್ತರ. ಅಷ್ಟೇ ಎತ್ತರದ ಗಟ್ಟಿ ದರೆ ಅಥವಾ ಕಲ್ಲು ಕಟ್ಟಿದ ಕಟ್ಟೆ ಇದ್ದರೆ ಗಾಡಿಯನ್ನು ಹಿಮ್ಮುಖ ತಂದು ಅದಕ್ಕೆ ತಾಗಿಸಿ. ಸಣ್ಣ ಹಲಗೆ ಹಾಸಿದರೆ ಟಿಲ್ಲರ್ ನೆಟ್ಟಗೆ ಒಳಗೆ ಹೋಗುತ್ತದೆ. ಏರೂ ಇಲ್ಲ, ಇಳಿಯುವ ಭಯವೂ ಇಲ್ಲ. ಅಪಘಾತದ ನಂತರ ನಾವು ಅಂಗಳದ ಮೂಲೆಯಲ್ಲಿ ಚಿರೆಕಲ್ಲಿನ ಇಂಥ ಒಂದು ಕಟ್ಟೆಯನ್ನೇ ಕಟ್ಟಿಕೊಂಡೆವು. ಹಿಂದೆ ಮಣ್ಣು ತುಂಬಿ ಇಳಿಜಾರು ಮಾಡಿದ್ದೇವೆ. ಗೊಬ್ಬರದ ಚೀಲ, ಕಾಯಿ ಹೇರಲಿಕ್ಕೂ ಅದೇ ಕಟ್ಟೆ. ಮಳೆಗೆ ಮೆತ್ತಗಾದ ಮಣ್ಣಿನ ದರೆ ಮಾತ್ರ ಬೇಡ, ಅಂಚು ಕುಸಿಯುತ್ತದೆ.

ಹಲಗೆಯೇ ಗತಿ ಎಂದಾದರೆ

ಉದ್ದ: ತೊಟ್ಟಿಯ ಎತ್ತರದ ನಾಲ್ಕು ಪಟ್ಟು. ಎರಡೂವರೆ ಅಡಿಗೆ ಹತ್ತಡಿ ಹಲಗೆ. ನಾವು ಅವತ್ತು ಇಟ್ಟದ್ದು ಆರಡಿಯದ್ದು. ಏರು ಕಡಿದಾದಷ್ಟು ಯಂತ್ರ ಹಿಂದಕ್ಕೆ ಜಗ್ಗುತ್ತದೆ, ಗಾಡಿಯನ್ನು ಮುಂದಕ್ಕೆ ದೂಡುತ್ತದೆ.

ದಪ್ಪ, ಅಗಲ: ಮತ್ತಿಯಂಥ ಗಟ್ಟಿ ಮರದ್ದು, ಎರಡೂವರೆ ಇಂಚು ದಪ್ಪ, ಒಂದಡಿ ಅಗಲ. ಗಂಟು, ಬಿರುಕು ಇರಬಾರದು. ಅಡಿಗೊಂದರಂತೆ ಅಡ್ಡ ಪಟ್ಟಿ ಹೊಡೆದರೆ ಚಕ್ರಕ್ಕೆ ಹಿಡಿತ. ನಡುವೆ ಒಂದು ಮರದ ದಿಮ್ಮಿ ಆಧಾರ ಕೊಟ್ಟರೆ ಒಳ್ಳೆಯದು.

ಕೊಕ್ಕೆ: ಮುಖ್ಯ ಇದೇ. ಹಲಗೆಯ ಮೇಲಿನ ತುದಿಗೆ ಕಬ್ಬಿಣದ ಕೊಕ್ಕೆ ಬೋಲ್ಟ್ ಮಾಡಿಸಿ, ಅದು ತೊಟ್ಟಿಯ ಅಂಚಿಗೆ ಸಿಕ್ಕಿಕೊಳ್ಳಬೇಕು. ಅದರ ಮೇಲೆ ಸರಪಳಿಯಿಂದ ಗಾಡಿಯ ಚಾಸಿಗೆ ಬಿಗಿಯಬೇಕು. ಗಾಡಿ ಸ್ವಲ್ಪ ಜಾರಿದರೂ ಆಗ ಹಲಗೆ ಕಳಚುವುದಿಲ್ಲ. ಇಷ್ಟು ಮಾಡಿದ್ದರೆ ನಮ್ಮ ಹುಡುಗನ ಕಾಲು ಉಳಿಯುತ್ತಿತ್ತು.

ಮೂರನೇ ಹಲಗೆ: ಎರಡು ಹಲಗೆ ಚಕ್ರಕ್ಕಾಯಿತು. ಹಿಡಿಕೆ ಹಿಡಿದವ ಎಲ್ಲಿ ನಡೆಯಬೇಕು? ನಡುವಿನ ಸಂದಿನಲ್ಲಿ ಕಾಲು ಇಳಿದು ಬಿದ್ದವರಿದ್ದಾರೆ. ಅವನಿಗಾಗಿ ನಡುವೆ ಒಂದು ಹಲಗೆ ಬೇಕೇ ಬೇಕು.

ಪಿಕಪ್ಪನ್ನು ಗಟ್ಟಿ ನೆಲದಲ್ಲಿ ನಿಲ್ಲಿಸಿ, ಗೇರಿನಲ್ಲಿಟ್ಟು ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಮುಂದೆ ಹಿಂದೆ ಕಲ್ಲು ಕೊಡಿ. ಗಾಡಿಯ ಹಿಂಭಾಗ ಕುಸಿಯದಂತೆ ಕೆಳಗೊಂದು ಮರದ ತುಂಡಿನ ಊರೆ ಇಡಿ.

ಹತ್ತಿಸುವ ಕ್ರಮ

ರೋಟರಿಯ ಸನ್ನೆ ನ್ಯೂಟ್ರಲಿನಲ್ಲಿದೆ ಎಂದು ಎರಡು ಸಲ ನೋಡಿ. ಟಿಲ್ಲರಿನ ಮೂತಿ ಮುಂದಾಗಿ, ಎಲ್ಲಕ್ಕಿಂತ ಕೆಳಗಿನ ಗೇರಿನಲ್ಲಿ, ಕಡಿಮೆ ವೇಗದಲ್ಲಿ ಹತ್ತಿಸಿ. ನೆಲದ ಮೇಲಿರುವಾಗಲೇ ಎರಡೂ ಚಕ್ರ ಹಲಗೆಗೆ ನೇರವಾಗಬೇಕು. ಹಲಗೆಯ ಮೇಲೆ ಗೇರ್ ಬದಲಿಸುವುದಿಲ್ಲ.

ಟಿಲ್ಲರಿನ ಮುಂದಿನ ಕೊಕ್ಕೆಗೆ ಒಂದು ದಪ್ಪ ಹಗ್ಗ ಕಟ್ಟಿ. ಅದನ್ನು ಕ್ಯಾಬಿನ್ ಹಿಂದಿನ ಕಂಬಿಗೆ ಎರಡು ಸುತ್ತು ಹಾಕಿ. ಗಾಡಿಯ ಪಕ್ಕದಲ್ಲಿ ನೆಲದ ಮೇಲೆ ನಿಂತವನೊಬ್ಬ ಸಡಿಲವಾದಷ್ಟನ್ನೂ ಎಳೆದುಕೊಳ್ಳುತ್ತ ಬರಬೇಕು. ಎಂಜಿನ್ ಆರಿದರೂ ಎರಡು ಸುತ್ತಿನ ಹಗ್ಗ ಯಂತ್ರವನ್ನು ಹಿಡಿಯುತ್ತದೆ. ಹಿಡಿಕೆಯವನೊಬ್ಬ, ಹಗ್ಗದವನೊಬ್ಬ. ಉಳಿದವರೆಲ್ಲ ಹತ್ತಡಿ ದೂರ. ಪಕ್ಕದಿಂದ “ಸ್ವಲ್ಪ ಕೈ ಕೊಡ್ತೆ” ಎನ್ನುವವರಿಗೆ ಬೇಡ ಎನ್ನಿ. ನಾನೂರು ಕಿಲೋ ವಾಲಿದರೆ ಯಾರ ಕೈಯೂ ತಡೆಯುವುದಿಲ್ಲ.

ಕಟ್ಟುವುದು

ಎಂಜಿನ್ ಭಾಗ ಕ್ಯಾಬಿನ್ ಕಡೆಗಿರಲಿ. ಭಾರ ಹಿಂದಿನ ಆಕ್ಸಲಿಗಿಂತ ಮುಂದೆ ಬಿದ್ದರೆ ಗಾಡಿಯ ಮುಂದಿನ ಚಕ್ರಕ್ಕೆ ಹಿಡಿತ ತಪ್ಪುವುದಿಲ್ಲ. ರೋಟರಿಯನ್ನು ಒಂದು ಹಲಗೆಯ ಮೇಲೆ ಊರಿಸಿ. ಮುಂದೆ ಸ್ಟ್ಯಾಂಡ್ ಇಳಿಸಿ. ಗೇರ್ ಹಾಕಿ ಎಂಜಿನ್ ನಿಲ್ಲಿಸಿ. ಡೀಸೆಲ್ ಕಾಕ್ ಮುಚ್ಚಿ, ಟ್ಯಾಂಕಿನ ಮುಚ್ಚಳ ಬಿಗಿ ಮಾಡಿ. ಎರಡೂ ಚಕ್ರಕ್ಕೆ ಮುಂದೆ ಹಿಂದೆ ಮರದ ಬೆಣೆ.

ಅಮೆರಿಕದಂಥ ದೇಶಗಳಲ್ಲಿ ರೈತರು ನಾಲ್ಕು ಚಕ್ರದ ಎಟಿವಿ ಎಂಬ ಗಾಡಿಯನ್ನು ಹೀಗೆಯೇ ಪಿಕಪ್ಪಿನಲ್ಲಿ ಒಯ್ಯುತ್ತಾರೆ. ಅದು ನಾಲ್ಕು ಕಾಲಿನ ಮೇಲೆ ನಿಲ್ಲುತ್ತದೆ. ನಮ್ಮ ಟಿಲ್ಲರಿಗೆ ಎರಡೇ ಚಕ್ರ, ಮೈಯೂ ಎತ್ತರ. ಹಾಗಾಗಿ ಅಡ್ಡಕ್ಕೆ ಬೀಳದಂತೆ ಹೆಚ್ಚು ಜಾಗ್ರತೆ ಬೇಕು.

ಎಷ್ಟು ಬಲದ ಕಟ್ಟು ಬೇಕು? ಸರಕು ಕಟ್ಟುವವರ ಲೆಕ್ಕ ಹೀಗಿದೆ: ಜೋರಾಗಿ ಬ್ರೇಕ್ ಹಾಕಿದಾಗ ಭಾರದ ಹತ್ತರಲ್ಲಿ ಎಂಟು ಪಾಲಿನಷ್ಟು ಬಲ ಮುಂದಕ್ಕೆ, ತಿರುವಿನಲ್ಲಿ ಅರ್ಧ ಪಾಲು ಪಕ್ಕಕ್ಕೆ, ಹಿಂದಕ್ಕೂ ಅರ್ಧ. ನಾನೂರು ಕಿಲೋ ಟಿಲ್ಲರಿಗೆ ಮುಂದಕ್ಕೆ 320 ಕಿಲೋ, ಪಕ್ಕಕ್ಕೆ 200. ಬಾಳೆಗೊನೆ ಕಟ್ಟುವ ಹಗ್ಗ ಇದಕ್ಕಲ್ಲ.

ಕಟ್ಟು ನಾಲ್ಕು ಮೂಲೆಗೂ ಬೇಕು: ಎರಡು ಮುಂದಕ್ಕೆ ಎಳೆಯುವಂತೆ, ಎರಡು ಹಿಂದಕ್ಕೆ. ಪ್ರತಿಯೊಂದೂ ಓರೆಯಾಗಿ ಕೆಳಗೆ ಹೋಗಬೇಕು. ನೆಟ್ಟಗೆ ಕೆಳಗೆ ಕಟ್ಟಿದರೆ ಯಂತ್ರ ಮುಂದೆ ಹಿಂದೆ ಸರಿಯುತ್ತದೆ, ತೀರ ಅಡ್ಡಕ್ಕೆ ಕಟ್ಟಿದರೆ ಕುಣಿಯುತ್ತದೆ. ಕಟ್ಟುವ ಜಾಗ ಟಿಲ್ಲರಿನ ಚಾಸಿ ಮತ್ತು ಮುಂದಿನ ಬಂಪರ್. ಹಿಡಿಕೆ, ಸನ್ನೆಗಳು, ರೇಡಿಯೇಟರ್, ಬೆಲ್ಟಿನ ಕವಚಕ್ಕೆ ಕಟ್ಟಬೇಡಿ. ಇನ್ನೊಂದು ತುದಿ ತೊಟ್ಟಿಯ ಕೊಂಡಿಗೆ, ಹಿಂಬಾಗಿಲಿಗಲ್ಲ.

ಲಾರಿಯವರು ಬಳಸುವ ಎರಡು ಇಂಚು ಅಗಲದ ರ್‍ಯಾಚೆಟ್ ಬೆಲ್ಟ್ ನಾಲ್ಕು ಕೊಂಡರೆ ವರ್ಷಗಟ್ಟಲೆ ಬರುತ್ತದೆ. ಹಗ್ಗವೇ ಆದರೆ ಅದರ ಗುಣ ತಿಳಿದಿರಲಿ. ನೈಲಾನ್ ಎಳೆದಷ್ಟೂ ಹಿಗ್ಗುತ್ತದೆ, ಒದ್ದೆಯಾದರೆ ಇನ್ನಷ್ಟು. ತೆಂಗಿನ ನಾರಿನ ಹಗ್ಗ ಮಳೆಗೆ ಬಿಗಿಯಾಗಿ ಒಣಗಿದಾಗ ಸಡಿಲಾಗುತ್ತದೆ. ಪ್ಲಾಸ್ಟಿಕ್ ಹಗ್ಗದ ಗಂಟು ಜಾರುತ್ತದೆ, ಬಿಸಿಲಿಗೆ ಎಳೆ ಪುಡಿಯಾಗುತ್ತದೆ. ಚೂಪು ಅಂಚಿಗೆ ತಾಗುವಲ್ಲಿ ಗೋಣಿ ಮಡಚಿಡಿ.

ರಸ್ತೆಯಲ್ಲಿ

ಹೊರಟು ನಾಲ್ಕೈದು ಕಿಲೋಮೀಟರಿಗೆ ಒಮ್ಮೆ ನಿಲ್ಲಿಸಿ ಎಲ್ಲ ಕಟ್ಟನ್ನೂ ಮತ್ತೆ ಬಿಗಿಯಿರಿ. ಮೊದಲ ಕುಲುಕಾಟಕ್ಕೆ ಟಿಲ್ಲರ್ ಕೂತುಕೊಂಡು ಹಗ್ಗ ಸಡಿಲಾಗಿರುತ್ತದೆ. ನಮ್ಮ ದಾರಿ ಹಿಂದೆ 17 ಎನ್ನುತ್ತಿದ್ದ, ಈಗಿನ 66ನೇ ಹೆದ್ದಾರಿ. ಬಿಣಗಾದ ಏರು ತಿರುವಿನ ಮೊದಲು ಒಂದು ಸಲ, ಕಾಳಿ ದಾಟುವ ಮೊದಲು ಕೋಡಿಬಾಗದಲ್ಲಿ ಇನ್ನೊಂದು ಸಲ ನೋಡುತ್ತೇವೆ. 2024ರ ಆಗಸ್ಟ್ 7ರಂದು ಕಾಳಿಯ ಹಳೆ ಸೇತುವೆ ಕುಸಿದ ಮೇಲೆ ಎರಡೂ ಕಡೆಯ ಓಡಾಟ ಹೊಸ ಸೇತುವೆಗೇ ಬಂತು. ಅದರ ಮೇಲೆ ನಿಂತು ಹಗ್ಗ ಕಟ್ಟುವ ಮಾತೇ ಇಲ್ಲ. ಯಲ್ಲಾಪುರದ ಕಡೆ ಅರಬೈಲ್ ಘಟ್ಟ ಹತ್ತುವವರಿಗೆ ಭಾರ ಹಿಂದಕ್ಕೆ ಜಗ್ಗುತ್ತದೆ. ಆಗ ಹಿಡಿಯುವುದು ಯಂತ್ರವನ್ನು ಮುಂದಕ್ಕೆ ಎಳೆಯುವ ಎರಡು ಕಟ್ಟುಗಳೇ.

ಟಿಲ್ಲರ್ ಹಿಡಿದುಕೊಳ್ಳಲಿಕ್ಕೆ ತೊಟ್ಟಿಯಲ್ಲಿ ಯಾರನ್ನೂ ಕೂರಿಸಬೇಡಿ. ಸರಕು ಗಾಡಿಯ ತೊಟ್ಟಿಯಲ್ಲಿ ಜನ ಕೂರುವುದು ಕಾಯ್ದೆಗೂ ವಿರುದ್ಧ, ಜೀವಕ್ಕೂ ವಿರುದ್ಧ.

ಇಳಿಸುವಾಗ

ಹತ್ತಿಸುವುದಕ್ಕಿಂತ ಇಳಿಸುವುದು ಅಪಾಯ. ಊರು ತಲುಪಿದ ಅವಸರ, ಮೈಗೆ ದಣಿವು. ಅದೇ ಹಲಗೆ, ಅದೇ ಕೊಕ್ಕೆ, ಅದೇ ಹಗ್ಗ ಬೇಕು. ಕೆಳಗಿನ ಗೇರಿನಲ್ಲಿ ಹಿಮ್ಮುಖವಾಗಿ ಇಳಿಸಿ. ಹಗ್ಗದವ ಸ್ವಲ್ಪ ಸ್ವಲ್ಪವೇ ಬಿಡುತ್ತ ಬರಲಿ. ರೋಟರಿ ನ್ಯೂಟ್ರಲಿನಲ್ಲೇ ಇರಬೇಕು. ಹಿಮ್ಮುಖ ಬರುವಾಗ ತಿರುಗುವ ಕತ್ತಿ ಮೊದಲು ಮುಟ್ಟುವುದು ಹಿಡಿಕೆಯವನ ಕಾಲನ್ನು.

ಇನ್ನೊಂದು ಸಂಗತಿ ಹಳಬರಿಗೂ ಮರೆಯುತ್ತದೆ. ಸಮ ನೆಲದಲ್ಲಿ ಎಡ ಕ್ಲಚ್ ಒತ್ತಿದರೆ ಟಿಲ್ಲರ್ ಎಡಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಉಲ್ಟಾ. ಕ್ಲಚ್ ಒತ್ತಿದ ಬದಿಯ ಚಕ್ರಕ್ಕೆ ಎಂಜಿನ್ನಿನ ತಡೆ ಇಲ್ಲವಾಗಿ ಅದೇ ವೇಗವಾಗಿ ಉರುಳುತ್ತದೆ, ಯಂತ್ರ ಇನ್ನೊಂದು ಬದಿಗೆ ಹೊರಳುತ್ತದೆ. ಆದ್ದರಿಂದ ಹಲಗೆಯ ಮೇಲೆ ತಿರುಗಿಸುವ ಕ್ಲಚ್ ಮುಟ್ಟಲೇಬೇಡಿ. ಓರೆಯಾದರೆ ಮತ್ತೆ ಮೇಲೆ ಹತ್ತಿಸಿ, ನೇರ ಮಾಡಿ ಇಳಿಸಿ. ಮುಖ್ಯ ಕ್ಲಚ್ಚನ್ನೂ ಅರ್ಧಕ್ಕೆ ಎಳೆದು ಬಿಡಬಾರದು, ಯಂತ್ರ ತಾನಾಗಿ ಉರುಳುತ್ತದೆ. ಸನ್ನೆಯ ಕೊನೆಗೆ ಬ್ರೇಕ್ ಇರುವ ಟಿಲ್ಲರಾದರೆ ಒಂದೇ ಸಲ ಬ್ರೇಕಿನ ತನಕ ಎಳೆಯಿರಿ.

ಎಲ್ಲಾದರೂ ಟಿಲ್ಲರ್ ಅಡ್ಡ ಬಿದ್ದಿತೋ, ಎತ್ತಿದ ಕೂಡಲೇ ಸ್ಟಾರ್ಟ್ ಮಾಡಬೇಡಿ. ಎಣ್ಣೆಯ ಏರ್ ಕ್ಲೀನರ್ ಇದ್ದರೆ ಎಣ್ಣೆ ಎಂಜಿನ್ನಿನೊಳಗೆ ಹೋಗಿರಬಹುದು. ಕ್ಲೀನರ್ ಬಿಚ್ಚಿ ಒರೆಸಿ, ಡಿಕಂಪ್ರೆಶನ್ ಸನ್ನೆ ಒತ್ತಿ ಫ್ಲೈವೀಲನ್ನು ಕೈಯಿಂದ ನಿಧಾನ ತಿರುಗಿಸಿ ನೋಡಿ. ಅಡ್ಡಿಯಾದರೆ ಮೆಕ್ಯಾನಿಕ್ಕನ್ನು ಕರೆಯಿರಿ.

ಈಗ ನಮಗೆ ಹತ್ತಿಸಿ ಕಟ್ಟಲಿಕ್ಕೆ ಮುಕ್ಕಾಲು ತಾಸು ಬೇಕು. ಡ್ರೈವರ್ ಗೊಣಗಿದರೆ “ತಮ್ಮಾ, ಚಹಾ ಕುಡಿ, ಅಷ್ಟರಲ್ಲಿ ಆಗ್ತದೆ” ಎನ್ನುತ್ತೇನೆ. ತಮ್ಮನ ಮಗ ಈಗಲೂ ಬರುತ್ತಾನೆ. ಹಗ್ಗ ಹಿಡಿಯುವುದು ಅವನೇ. ಮಳೆಗಾಲದಲ್ಲಿ ಆ ಪಾದ ಇನ್ನೂ ನೋಯುತ್ತದೆಯಂತೆ.

ಇದಕ್ಕಿಂತ ಸುಲಭದ, ಖರ್ಚು ಕಡಿಮೆಯ ಉಪಾಯ ನಿಮ್ಮಲ್ಲಿದ್ದರೆ ಪತ್ರಿಕೆಗೆ ಬರೆಯಿರಿ. ನಾವೂ ಕಲಿಯುತ್ತೇವೆ.