ಒಂದೇ ಗುಡಿ, ಎರಡು ಬಗೆಯ ಕಂಬ

ಪ್ರಶ್ನೆ: ನಮ್ಮದು ಆದೋನಿ–ಆಲೂರು ನಡುವಿನ ಹಳ್ಳಿ. ಊರ ಈಶ್ವರ ಗುಡಿಯ ಒಳಗಿನ ನಾಲ್ಕು ಕಂಬ ಕಪ್ಪಗೆ, ನುಣ್ಣಗೆ, ಬಳೆ ಪೇರಿಸಿದಂತೆ ದುಂಡಗಿವೆ. ಮುಂದಿನ ಮಂಟಪದವು ಒರಟು, ಚೌಕ. ಜಕಣಾಚಾರಿ ಒಂದೇ ರಾತ್ರಿಯಲ್ಲಿ ಕಟ್ಟಿದನೆಂದು ಹಿರಿಯರ ಮಾತು. ಹಾಗಿದ್ದರೆ ಎರಡು ಬಗೆ ಏಕೆ? ಅಂಗಳದ ಬರಹದ ಕಲ್ಲು ತೆಲುಗೇ?

ಉತ್ತರ: ಜಕಣಾಚಾರಿಯ ಹೆಸರಿನಲ್ಲಿರುವ ಗುಡಿಗಳನ್ನೆಲ್ಲ ಎಣಿಸಿದರೆ ಪಾಪ, ಆತ ಒಂದು ರಾತ್ರಿಯೂ ಮಲಗಿರಲಾರ. ನಿಮ್ಮ ಕಂಬಗಳು ಬೇರೆ ಕತೆ ಹೇಳುತ್ತವೆ.

ಒಳಗಿನವು ಬಳಪದ ಕಲ್ಲಿನ ತಿರುಗಣೆ ಕಂಬಗಳಿರಬೇಕು. ಈ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿ ಬಿಸಿಲು ಕಂಡಂತೆ ಗಟ್ಟಿ. ಕಂಬವನ್ನೇ ತಿರುಗಿಸುತ್ತ ಉಳಿ ಒಡ್ಡಿದರೆ ಬುಗುರಿಯಂತೆ ದುಂಡಾಗುತ್ತದೆ. ಬೆರಳಾಡಿಸಿ ನೋಡಿ, ಸುತ್ತಲೂ ಕೂದಲೆಳೆಯಂಥ ಗೆರೆಗಳು ಸಿಗಬಹುದು. 11–12ನೇ ಶತಮಾನದ ಕಲ್ಯಾಣ ಚಾಲುಕ್ಯರ ಕಾಲದ ಕೈಚಳಕ ಇದು. ಗುಡಿಯ ಒಳಮಂಟಪವಾದ ನವರಂಗದ ನಡುವೆ ಇಂಥ ನಾಲ್ಕು ಕಂಬ ನಿಲ್ಲಿಸುವುದು ಆಗಿನ ಪದ್ಧತಿ. ಬಾಗಳಿ, ಕುರುವತ್ತಿಯ ಗುಡಿಗಳಿಗೆ ಹೋದರೆ ಇವುಗಳ ನೆಂಟರು ಕಾಣುತ್ತಾರೆ.

ಹೊರಗಿನವು ನಿಮ್ಮ ಸೀಮೆಯ ಗುಡ್ಡಗಳದೇ ಕಣಶಿಲೆ. ಕಲ್ಲಿನ ಅಂಚಿನಲ್ಲಿ ಸಾಲಾಗಿ ಕಚ್ಚಿದಂಥ ಗುರುತುಗಳಿದ್ದರೆ, ಅವು ಬೆಣೆ ಬಡಿದು ಬಂಡೆ ಸೀಳಿದ ಜಾಗ. ಈ ಕಲ್ಲು ತಿರುಗಣೆಗೆ ಜಗ್ಗದು, ಚೌಕವಾಗಿಯೇ ಉಳಿಯುತ್ತದೆ. ಬಹುಮಟ್ಟಿಗೆ ವಿಜಯನಗರದ ಕಾಲದ ಸೇರ್ಪಡೆ ಇರಬೇಕು. ಜನ ಹೆಚ್ಚಿದರು, ಉತ್ಸವ ಬೆಳೆಯಿತು, ನೆರಳು ಬೇಕಾಯಿತು, ಮಂಟಪ ಬಂತು.

ಇಂಗ್ಲೆಂಡಿನ ಹಳ್ಳಿಯ ಚರ್ಚುಗಳೂ ಹೀಗೆಯೇ ಬೆಳೆದವು. ಕಿಲ್‌ಪೆಕ್‌ನ ಚರ್ಚು ಸುಮಾರು 1140ರದು, ನಿಮ್ಮ ಒಳಗಂಬಗಳ ಓರಗೆಯದು. ಅಲ್ಲಿನವರು ಕಮಾನು ನೋಡಿ ಕಾಲ ಹೇಳುತ್ತಾರೆ: ದುಂಡಗಿದ್ದರೆ ಹಳೆಯದು, ಚೂಪಾಗಿದ್ದರೆ ಆಮೇಲಿನದು. ನಮಗೆ ಕಂಬವೇ ಪಂಚಾಂಗ.

ಇನ್ನು ಬರಹ. ಆ ಕಾಲಕ್ಕೆ ತೆಲುಗು, ಕನ್ನಡ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಲಿಪಿ, ಆದ್ದರಿಂದ ಅಕ್ಷರ ನೋಡಿ ಭಾಷೆ ಹೇಳಲಾಗದು. ಆದರೆ ನಿಮ್ಮದು ಹಳೆಯ ಸಿಂದವಾಡಿ ನಾಡಿನ ಸೀಮೆ, ಕನ್ನಡವೇ ಇರುವ ಸಂಭವ ಹೆಚ್ಚು. ಮದ್ರಾಸ್ ಪ್ರಾಂತದ ಕನ್ನಡ ಶಾಸನಗಳ ಸಂಪುಟ 1939ರಲ್ಲಿ ಅಚ್ಚಾದಾಗ ಆದೋನಿ, ಆಲೂರು ಇನ್ನೂ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಪೆದ್ದತುಂಬಳದ ಶಾಸನಗಳು ಅದರಲ್ಲಿವೆ. ಆದೋನಿ, ಆಲೂರು ಆಂಧ್ರಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಕಲ್ಲಿನ ತಲೆಯಲ್ಲಿ ಸೂರ್ಯ, ಚಂದ್ರ, ಲಿಂಗ, ಹಸು–ಕರು ಇದ್ದರೆ ಅದು ದಾನಶಾಸನ: ಇಷ್ಟು ಮತ್ತರು ಹೊಲ, ನಂದಾದೀವಿಗೆಗೆ ಇಷ್ಟು ಎಣ್ಣೆ ಎಂಬ ಲೆಕ್ಕ.

ಓದಬೇಕೆಂದು ಸೀಮೆಸುಣ್ಣ ತಿಕ್ಕಬೇಡಿ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಒರಗಿಸಿ ಹಿಡಿಯಿರಿ. ಹಗಲು ಕಾಣದ ಅಕ್ಷರ ನೆರಳಿನಲ್ಲಿ ಎದ್ದು ನಿಲ್ಲುತ್ತದೆ. ಜಾತ್ರೆಗೆ ಮುಂಚೆ ಯಾರಾದರೂ ಬಣ್ಣದ ಡಬ್ಬಿ ತಂದರೆ ಆ ನಾಲ್ಕು ಕಂಬಗಳನ್ನಾದರೂ ಬಿಡಿಸಿಕೊಳ್ಳಿ.