ಉಪವಾಸದ ಮರುದಿನದ ರಕ್ತಪರೀಕ್ಷೆ

ಹೇಗೂ ಬರಿಹೊಟ್ಟೆಯಲ್ಲವೇ ಎಂದೆಣಿಸಿ, ಅನಂತ ಚತುರ್ದಶಿಯ ನಿರ್ಜಲ ಉಪವಾಸದ ಮರುದಿನ ಪಾರಣೆಗೆ ಮೊದಲೇ ನಾನು ಹೆಬ್ರಿಯಲ್ಲಿ ರಕ್ತಪರೀಕ್ಷೆ ಮಾಡಿಸಿದೆನು. ಯೂರಿಯಾ 72, ಕ್ರಿಯಾಟಿನಿನ್ 1.7 ಎಂದು ವರದಿ ಬಂದಿತು. ಸಾಮಾನ್ಯವಾಗಿ ಯೂರಿಯಾ 40ನ್ನೂ, ಗಂಡಸರಲ್ಲಿ ಕ್ರಿಯಾಟಿನಿನ್ 1.3ನ್ನೂ ಮೀರಬಾರದು. ಮನೆಯವರು ಕಳವಳಗೊಂಡರು.

ಯೂರಿಯಾ ಸಸಾರಜನಕದ ವಿಭಜನೆಯಿಂದಲೂ ಕ್ರಿಯಾಟಿನಿನ್ ಸ್ನಾಯುಗಳಿಂದಲೂ ಹುಟ್ಟುವ ಕಲ್ಮಷಗಳು. ಇವನ್ನು ಹೊರಹಾಕುವುದು ಮೂತ್ರಪಿಂಡ. ದೇಹದಲ್ಲಿ ನೀರು ಸಾಲದಾದಾಗ ಅದು ನೀರಿನೊಡನೆ ಯೂರಿಯಾವನ್ನೂ ಮರಳಿ ಹೀರಿಕೊಳ್ಳುತ್ತದೆ. ಆದುದರಿಂದ ಉಪವಾಸದ ವರದಿಯೊಂದನ್ನೇ ನಂಬಿ ರೋಗವೆನ್ನಲಾಗದು. ಉಪವಾಸವಿದ್ದುದನ್ನು ವೈದ್ಯರಿಗೆ ಮರೆಯದೆ ತಿಳಿಸಬೇಕು.

ವಾರ ಕಳೆದು ಪುನಃ ಪರೀಕ್ಷಿಸಿದಾಗ ಯೂರಿಯಾ 38ಕ್ಕೆ ಇಳಿದಿತ್ತು. ಕ್ರಿಯಾಟಿನಿನ್ ಮಾತ್ರ 1.5ರಲ್ಲಿಯೇ ನಿಂತಿತು. ವಯಸ್ಸನ್ನೂ ಸೇರಿಸಿ ಲೆಕ್ಕಹಾಕುವ ಶೋಧನಾ ಪ್ರಮಾಣವು ನನ್ನ 67ರ ವಯಸ್ಸಿಗೆ ಸುಮಾರು 50. ಅದು ಮೂರು ತಿಂಗಳಿಗೂ ಮೀರಿ 60ಕ್ಕಿಂತ ಕೆಳಗಿದ್ದರೆ, ಇಲ್ಲವೇ ಮೂತ್ರದಲ್ಲಿ ಆಲ್ಬುಮಿನ್ ಅಷ್ಟೇ ಕಾಲ ಹೆಚ್ಚಾಗಿ ಕಂಡರೆ, ದೀರ್ಘಕಾಲದ ಮೂತ್ರಪಿಂಡ ರೋಗವೆನ್ನುವರು. ಮೂರು ತಿಂಗಳ ಬಳಿಕವೂ ನನ್ನದು ಏರಲಿಲ್ಲ. ಮಣಿಪಾಲದ ವೈದ್ಯರು ನಿರ್ಜಲ ಉಪವಾಸವನ್ನು ನಿಷೇಧಿಸಿದರು. ಮೊಣಕಾಲಿಗೆಂದು ನಾನೇ ಕೊಂಡು ನುಂಗುತ್ತಿದ್ದ ನೋವಿನ ಗುಳಿಗೆಯನ್ನೂ ಬಿಡಿಸಿದರು. ನೀರಿಲ್ಲದ ದೇಹದಲ್ಲಿ ಆ ಗುಳಿಗೆ ಮೂತ್ರಪಿಂಡದ ರಕ್ತಸಂಚಾರವನ್ನು ಕುಗ್ಗಿಸುವುದಂತೆ.

ಆರು ಬಾಹ್ಯ ತಪಗಳಲ್ಲಿ ಅನಶನವು ಒಂದು. ಅವಮೌದರ್ಯವೂ ರಸಪರಿತ್ಯಾಗವೂ ತಪಗಳೇ. ವೈದ್ಯರು ಮಿತಗೊಳಿಸಿರೆಂದ ಉಪ್ಪು ಷಡ್ರಸಗಳಲ್ಲೊಂದೆಂಬುದು ಆಮೇಲೆ ಹೊಳೆಯಿತು! ಷೋಡಶಕಾರಣಗಳಲ್ಲಿಯೂ ತಪವನ್ನು ಶಕ್ತಿಗನುಸಾರವೆಂದೇ ಹೇಳಿದೆ. ನಲವತ್ತು ವರ್ಷ ಇದನ್ನು ಪಾಠ ಹೇಳಿದ ನನಗೆ, ಕಳೆದ ಚತುರ್ದಶಿಯ ಮಧ್ಯಾಹ್ನ ಕಾಯಿಸಿದ ನೀರಿನ ಲೋಟವನ್ನು ಎತ್ತಿಕೊಳ್ಳಲು ಬಹಳ ಹೊತ್ತು ಹಿಡಿಯಿತು.